ದೇವರ ಪವರ್ ಇದ್ದ ಮಾತ್ರಕ್ಕೆ ಗೋಕು ದೇವರಾಗ್ತಾನಾ? ಪದೇ ಪದೇ ಕೇಳೋ ಪ್ರಶ್ನೆಗಳು

ಮಂಗಾ, ಅಂದ್ರೆ ಜಪಾನಿನ ಕಾಮಿಕ್ಸ್, ಓದೋರ ಜೊತೆ ಮಾತಿಗೆ ಕೂತ್ರೆ ಸುತ್ತಿ ಬಳಸಿ ಇದೇ ಚರ್ಚೆ ಬರುತ್ತೆ. ಪತ್ರದಲ್ಲೂ ಕೇಳ್ತಾರೆ, ಅಕ್ಕನ ಮಕ್ಕಳೂ ಕೇಳ್ತಾರೆ. ಅದಕ್ಕೆ ಎಲ್ಲಾ ಒಂದು ಕಡೆ ಹಾಕಿದೀನಿ. ಹೆಚ್ಚಾಗಿ ಗೋಕು ಹೀರೋ ಆಗಿರೋ ಡ್ರ್ಯಾಗನ್ ಬಾಲ್ ಮಂಗಾ ಹಿಡ್ಕೊಂಡೇ ಮಾತಾಡ್ತೀನಿ, ಯಾಕಂದ್ರೆ ಅಲ್ಲಿ ದೇವರುಗಳೂ ಇದಾರೆ, ದೇವರ ಶಕ್ತಿ ಇರೋ ಹೀರೋನೂ ಇದಾನೆ, ಇಬ್ಬರೂ ಪಕ್ಕಪಕ್ಕ ನಿಂತಿರೋದ್ರಿಂದ ಹೋಲಿಸಿ ನೋಡೋದು ಸುಲಭ. ಕಥೆಯ ಕೊನೆಗಳು ಇಲ್ಲಿ ಬರ್ತವೆ, ಇನ್ನೂ ಓದದೇ ಇರೋರು ನೋಡ್ಕೊಂಡು ಮುಂದೆ ಹೋಗಿ.

## ಮೊದಲನೇ ಪ್ರಶ್ನೆಗಳು

ಗೋಕು ದೇವರಾ ಅಲ್ವಾ? ಒಂದೇ ಮಾತಲ್ಲಿ ಹೇಳಿ

ಅಲ್ಲ. ಅವನಿಗೆ ದೇವರ ಶಕ್ತಿ ಇದೆ, ದೇವರ ಕೆಲಸ ಇಲ್ಲ, ದೇವರ ಪಟ್ಟನೂ ಇಲ್ಲ. ಪಟ್ಟ ಕೈಗೆ ಬಂದಾಗ ಅವನೇ ಬೇಡ ಅಂದ. ಅದರ ಕಥೆ ಕೆಳಗೆ ಹೇಳ್ತೀನಿ, ಈ ಇಡೀ ಚರ್ಚೇಲಿ ನಂಗೆ ತುಂಬಾ ಇಷ್ಟವಾದ ಸೀನ್ ಅದು.

ಅವನ ಒಂದು ರೂಪದ ಹೆಸರಲ್ಲೇ ಸೂಪರ್ ಸೈಯಾನ್ ಗಾಡ್ ಅಂತ ಇದೆಯಲ್ಲ ಗುರು, ಇನ್ನೇನ್ ಸಾಕ್ಷಿ ಬೇಕು?

2013ರಲ್ಲಿ ಬಂದ ಬ್ಯಾಟಲ್ ಆಫ್ ಗಾಡ್ಸ್ ಸಿನಿಮಾದಲ್ಲಿ ಈ ರೂಪ ಮೊದಲು ಬಂತು. ಸೈಯಾನ್ ಅಂದ್ರೆ ಗೋಕು ಹುಟ್ಟಿದ, ಬೇರೆ ಗ್ರಹದ ಯೋಧರ ಕುಲ. ಒಳ್ಳೇ ಮನಸ್ಸಿನ ಐದು ಜನ ಸೈಯಾನರು ಕೈ ಕೈ ಹಿಡ್ಕೊಂಡು ತಮ್ಮ ಶಕ್ತಿನ ಆರನೇ ಸೈಯಾನ್‌ಗೆ ಕೊಡ್ಬೇಕು, ಅದೇ ವಿಧಿ. ಲೆಕ್ಕ ಹಾಕಿದ್ರೆ ಒಬ್ಬರು ಕಮ್ಮಿ ಬೀಳ್ತಾರೆ, ಆಗ ಗೋಕುನ ಸೊಸೆ ವಿಡೆಲ್ ಹೊಟ್ಟೆಲಿರೋ ಮಗು ಪ್ಯಾನ್ ಲೆಕ್ಕಕ್ಕೆ ಸಿಗುತ್ತೆ. ಹುಟ್ಟದೇ ಇರೋ ಮೊಮ್ಮಗಳ ಶಕ್ತಿನೂ ಸೇರಿ ತಾತನ ಕೂದಲು ಕೆಂಪಾಗುತ್ತೆ. ಆಮೇಲೆ ಅವನಲ್ಲಿರೋ ಕೀ, ಅಂದ್ರೆ ಒಳಗಿನ ಜೀವಶಕ್ತಿ, ಮಾಮೂಲಿ ಜನಕ್ಕೆ ಗೊತ್ತೇ ಆಗಲ್ಲ, ಯಾಕಂದ್ರೆ ಅದು ದೇವರ ಕೀ.

ಇಲ್ಲಿ ಗಾಡ್ ಅನ್ನೋದು ಕೀ ಯಾವ ಥರದ್ದು ಅಂತ ಹೇಳೋ ಮಾತು, ಆಳು ಯಾರು ಅಂತ ಹೇಳೋದಲ್ಲ. ಗೋಕುಗೇ ಆ ರೂಪ ಪೂರ್ತಿ ಖುಷಿ ಕೊಡಲ್ಲ, ಬೇರೆಯವರ ಸಹಾಯದಿಂದ ಬಂದಿದ್ದು, ನಾನೇ ದುಡಿದು ಗಳಿಸಿದ್ದಲ್ಲ ಅನ್ನೋ ಕೊರಗು ಅವನಿಗೆ. ಆಮೇಲೆ 2015ರ ಸಿನಿಮಾದಲ್ಲಿ, ನೀಲಿ ಕೂದಲಿನ ಮುಂದಿನ ರೂಪಾನೂ ಕಲಿತು ಹಳೇ ಶತ್ರು ಫ್ರೀಜಾನ ಸೋಲಿಸಿ ಸ್ವಲ್ಪ ಮೈಮರೆತು ನಿಂತಿರ್ತಾನೆ ನೋಡಿ, ಆಗ ಸೋರ್ಬೆ ಅನ್ನೋ ಫ್ರೀಜಾ ಪಡೆಯ ಒಬ್ಬ ಕಮಾಂಡರ್ ಉಂಗುರದಿಂದ ಒಂದು ಸಣ್ಣ ಕಿರಣ ಬಿಡ್ತಾನೆ, ಅದು ನೇರ ಎದೆ ಸೀಳುತ್ತೆ, ಗೋಕು ಕುಸಿದು ಬೀಳ್ತಾನೆ. ದೇವರ ಕೀ ಇದ್ರೂ ಮೈ ಮನುಷ್ಯರ ಥರಾನೇ ಇದೆ ಅನ್ನೋದಕ್ಕೆ ಇದಕ್ಕಿಂತ ಬೇಕಾ?

ಜಪಾನಿಯ ಕಾಮಿ ಅನ್ನೋ ಪದಕ್ಕೆ ದೇವರು ಅಂತಾನೇ ತಾನೆ ಅರ್ಥ?

ಇಲ್ಲೇ ಅರ್ಧ ಜಗಳ ಹುಟ್ಟೋದು. ಸಬ್‌ಟೈಟಲ್‌ನಲ್ಲಿ ಕಾಮಿ ಬಂದ ಕಡೆಯೆಲ್ಲ ಗಾಡ್ ಅಂತ ಹಾಕ್ತಾರೆ, ನಾವು ಅದನ್ನ ದೇವರು ಅಂತ ಓದ್ಕೋತೀವಿ, ಅಲ್ಲಿಗೆ ಜಗತ್ತನ್ನ ಸೃಷ್ಟಿ ಮಾಡಿದ ಪರಮಾತ್ಮನ ಲೆಕ್ಕ ತಲೆಗೆ ಬರುತ್ತೆ. ಜಪಾನಿನ ಕಾಮಿ ಅಷ್ಟು ದೊಡ್ಡದೂ ಅಲ್ಲ, ಅಷ್ಟು ದೂರದ್ದೂ ಅಲ್ಲ. 18ನೇ ಶತಮಾನದ ಪಂಡಿತ ಮೊತೊಓರಿ ನೊರಿನಾಗ ಇದನ್ನ ಚೆನ್ನಾಗಿ ಹಿಡಿದ: ಮಾಮೂಲಿಗಿಂತ ಮೀರಿದ್ದು, ನೋಡಿದ್ರೆ ಮೈ ಜುಮ್ ಅನ್ಸೋದು ಯಾವುದೇ ಇರ್ಲಿ ಅದು ಕಾಮಿ, ಮರ ಆಗ್ಲಿ ಬೆಟ್ಟ ಆಗ್ಲಿ ಪ್ರಾಣಿ ಆಗ್ಲಿ ಮನುಷ್ಯ ಆಗ್ಲಿ, ಒಳ್ಳೇದೂ ಆಗ್ಬೋದು ಕೆಟ್ಟದ್ದೂ ಆಗ್ಬೋದು ಅಂತ. ಈ ಕೊನೇ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮ ಕರಾವಳಿಯೋರಿಗೆ ಇದು ಬೇಗ ಅರ್ಥ ಆಗುತ್ತೆ, ಯಾಕಂದ್ರೆ ಅವರ ಮಾತಲ್ಲಿ ದೇವರು ಬೇರೆ ದೈವ ಬೇರೆ. ಕೋಟಿ ಚೆನ್ನಯರು ಹುಟ್ಟಿದ್ದು ಮನುಷ್ಯರಾಗಿ, ಸತ್ತಿದ್ದು ಯುದ್ಧದಲ್ಲಿ, ಇವತ್ತು ಗರಡಿಗಳಲ್ಲಿ ಪೂಜೆ ತಗೋತಾರೆ. ಕಾಮಿಗೆ ಕನ್ನಡದಲ್ಲಿ ಒಂದು ಪದ ಕೊಡಿ ಅಂದ್ರೆ ನಾನು ದೈವ ಅಂತಾನೇ ಕೊಡೋದು.

ಇನ್ನೊಂದು ವಿಷಯ, ಈ ಪದನ ಜಪಾನಿನವರು ದಿನದ ಮಾತಲ್ಲೂ ಧಾರಾಳವಾಗಿ ಬಳಸ್ತಾರೆ. ಮಂಗಾ ಚಿತ್ರಕಾರ ತೆಜುಕಾ ಒಸಾಮುಗೆ ಮಂಗಾದ ಕಾಮಿ ಅಂತಾನೇ ಹೆಸರು. ಮಿನಾಮಿ ಹರುಒ ಅನ್ನೋ ಹಾಡುಗಾರ ಕೇಳೋಕೆ ಬಂದ ಜನಾನೇ ಕಾಮಿ ಅಂತ ಕರೀತಿದ್ದ, ಅಣ್ಣಾವ್ರು ಅಭಿಮಾನಿ ದೇವರುಗಳೇ ಅಂತಿದ್ರಲ್ಲ, ಥೇಟ್ ಅದೇ ಭಾವ.

## ಗೋಕು ಹಿಂದೆ ಬಿದ್ದೋರಿಗೆ

ಡ್ರ್ಯಾಗನ್ ಬಾಲಲ್ಲಿ ಬರೋ ಕಾಮಿ ಏಲಿಯನ್ ಅಲ್ವಾ? ಅವನ್ಯಾವ ಸೀಮೆ ದೇವರು?

ಹೌದು, ಅವನು ನಾಮೆಕ್ ಗ್ರಹದೋನು. ಚಿಕ್ಕವನಿದ್ದಾಗ ಭೂಮಿಗೆ ಬಂದ, ಹಿಂದಿದ್ದ ಕಾಮಿಯ ಜಾಗಕ್ಕೆ ಬರ್ಬೇಕು ಅಂತ ತನ್ನೊಳಗಿದ್ದ ಕೆಟ್ಟದ್ದನ್ನೆಲ್ಲ ಹೊರಗೆ ಹಾಕಿದ, ಆ ಕೆಟ್ಟದ್ದೇ ಪಿಕೊಲೊ ಆಯ್ತು. ಅಂದ್ರೆ ಇಲ್ಲಿ ಕಾಮಿ ಅನ್ನೋದು ಒಂದು ಪಟ್ಟ, ಒಬ್ಬ ಹೋದ್ರೆ ಇನ್ನೊಬ್ಬ ಬರ್ತಾನೆ. ಅವನ ಮೇಲೆ ಕಾಯೊ ಅನ್ನೋ ದೇವರುಗಳು, ಅದರ ಮೇಲೆ ಕಾಯೊಶಿನ್ ಅನ್ನೋರು, ಪಕ್ಕದಲ್ಲಿ ನಾಶ ಮಾಡೋ ದೇವರು ಬೀರಸ್ ಥರದೋರು, ಎಲ್ಲಕ್ಕಿಂತ ಮೇಲೆ ಝೆನೊ, ಒಳ್ಳೇ ಸರ್ಕಾರಿ ಕಚೇರಿ ಥರ ಮೆಟ್ಟಿಲು ಮೆಟ್ಟಿಲಾಗಿದೆ. ಸತ್ತೋರ ಲೆಕ್ಕ ನೋಡೋಕೆ ದೊಡ್ಡ ಮೇಜು ಹಾಕ್ಕೊಂಡು ಕೂತಿರೋ ಎನ್ಮಾ ಇದಾನಲ್ಲ, ಅವನು ನಮ್ಮ ಯಮನೇ, ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಹೋದ ಯಮ.

ಪಟ್ಟದಲ್ಲಿ ಇರೋನಿಗೆ ಶಕ್ತಿ ಇರ್ಲೇಬೇಕು ಅಂತೇನಿಲ್ಲ. 23ನೇ ತೆಂಕಾಯಿಚಿ ಅನ್ನೋ ಹೊಡೆದಾಟದ ಪಂದ್ಯದಲ್ಲಿ ಕಾಮಿ ಒಬ್ಬ ಸಾಮಾನ್ಯ ಮನುಷ್ಯನ ಮೈಮೇಲೆ ಬಂದು ಪಿಕೊಲೊನ ಬಾಟಲಿಯಲ್ಲಿ ಹಿಡಿಯೋಕೆ ಹೋಗ್ತಾನೆ, ಮಂತ್ರ ತಿರುಗಿ ಹೊಡೆದು ಅವನೇ ಬಾಟಲಿ ಒಳಗೆ ಸಿಕ್ಕಾಕೋತಾನೆ, ಪಿಕೊಲೊ ಆ ಬಾಟಲಿನ ನುಂಗೇ ಬಿಡ್ತಾನೆ. ಆಮೇಲೆ ಪಿಕೊಲೊ ಬೆಟ್ಟದಷ್ಟು ದೊಡ್ಡವನಾಗಿ ಬೆಳೆದಾಗ ಗೋಕು ಅವನ ಬಾಯೊಳಗೆ ಹಾರಿ ಬಾಟಲಿ ಹೊರಗೆ ತರ್ತಾನೆ. ದೇವರನ್ನ ಒಬ್ಬ ಹುಡುಗ ಹೊಟ್ಟೆಯಿಂದ ಎತ್ತಿ ತರ್ತಾನೆ! ಆದ್ರೂ ಹೊರಗೆ ಬಂದೋನೇ ದೇವರು, ತಂದೋನು ಅಲ್ಲ. ಡ್ರ್ಯಾಗನ್ ಬಾಲ್ ಬರೆದ ತೊರಿಯಾಮ ಇದನ್ನ ಬಾಯಲ್ಲಿ ಹೇಳದೇ ಚಿತ್ರದಲ್ಲೇ ಹೇಳಿ ಮುಗಿಸಿದಾರೆ.

ದೇವರಿಗಿಂತ ಸ್ಟ್ರಾಂಗ್ ಆದ್ಮೇಲೂ ಗೋಕು ಯಾಕೆ ದೇವರಾಗಲಿಲ್ಲ?

ಆಗು ಅಂತ ಕೇಳಿದ್ರು, ಅವನು ಒಲ್ಲೆ ಅಂದ. ಮೇಲೆ ಹೇಳಿದ ಅದೇ ಪಂದ್ಯದ ಕೊನೇಲಿ ಗೋಕು ಗೆದ್ದಿದಾನೆ, ಮೈಯೆಲ್ಲಾ ಗಾಯ, ಗಾಯ ವಾಸಿ ಮಾಡೋ ಸೆಂಜು ಕಾಳು ತಿಂದು ಎದ್ದಿದಾನೆ, ಸಾಯಿಸಬಹುದಾಗಿದ್ದ ಪಿಕೊಲೊಗೂ ಒಂದು ಕಾಳು ಕೊಟ್ಟು ಉಳಿಸಿದಾನೆ. ಆಗ ಕಾಮಿ ನೀನೇ ನನ್ನ ಜಾಗಕ್ಕೆ ಬಾ ಅಂತಾನೆ. ಗೋಕು ಮುಖ ನೋಡ್ಬೇಕು ಆಗ! ಆ ಬೇಜಾರಿನ ಜಾಗದಲ್ಲಿ ಕೂರೋನಲ್ಲ ಅಂತ ಮೋಡ ಕರೆದು, ಈಗಷ್ಟೇ ಕೈ ಹಿಡಿದ ಚಿಚಿನ ಕೂರಿಸ್ಕೊಂಡು ಹಾರಿ ಹೋಗಿಬಿಡ್ತಾನೆ.

ತುಂಬಾ ಜನ ಇದನ್ನ ತಮಾಷೆ ಸೀನ್ ಅಂತ ದಾಟಿ ಹೋಗ್ತಾರೆ, ನಂಗೆ ಹಾಗೆ ಅನ್ಸಲ್ಲ. ಯಾಕಂದ್ರೆ ಎಷ್ಟೋ ಚಾಪ್ಟರ್ ಆದ್ಮೇಲೆ, ಸೆಲ್ ಅನ್ನೋ ಹೊಸ ಶತ್ರು ಬಂದಾಗ ಕಾಮಿ ಪಿಕೊಲೊ ಜೊತೆ ಒಂದಾಗಿ ಭೂಮಿಗೆ ಕಾಮಿನೇ ಇಲ್ಲದಂಗೆ ಆಗುತ್ತೆ. ಆಗ ಗೋಕು ಏನ್ ಮಾಡ್ತಾನೆ? ಖಾಲಿ ಇರೋ ಪೀಠದ ಕಡೆ ತಿರುಗಿಯೂ ನೋಡಲ್ಲ, ಹೊಸ ನಾಮೆಕ್‌ಗೆ ಹೋಗಿ ದೆಂದೆ ಅನ್ನೋ ಪುಟ್ಟ ಹುಡುಗನ್ನ ಕರ್ಕೊಂಡು ಬಂದು ಕಾಮಿ ಮಾಡ್ತಾನೆ. ಆ ಮಗುಗೆ ಹೊಡೆದಾಡೋಕೆ ಬರಲ್ಲ, ಗಾಯ ವಾಸಿ ಮಾಡೋಕೆ ಬರುತ್ತೆ. ದೇವರ ಜಾಗಕ್ಕೆ ಎಂಥೋರು ಬೇಕು ಅಂತ ಗೋಕುಗೆ ಚೆನ್ನಾಗಿ ಗೊತ್ತಿತ್ತು, ತಾನು ಅಂಥೋನಲ್ಲ ಅಂತಾನೂ ಗೊತ್ತಿತ್ತು.

ಎಲ್ಲರನ್ನೂ ಕಾಪಾಡ್ತಾನಲ್ಲ, ಅದು ದೇವರ ಕೆಲಸ ಅಲ್ವಾ?

ಕಾಪಾಡೋದು ಹೀರೋ ಕೆಲಸ. ಪೊಲೀಸೂ ಕಾಪಾಡ್ತಾರೆ, ಡಾಕ್ಟ್ರೂ ಕಾಪಾಡ್ತಾರೆ. ದೇವರ ಹತ್ರ ಬೇರೆ ಒಂದು ಸಂಬಂಧ ಇರುತ್ತೆ, ನಾವು ಕೇಳ್ತೀವಿ, ಅಲ್ಲಿಂದ ಬರುತ್ತೆ ಅಂತ ನಂಬ್ತೀವಿ.

ಗೋಕು ವಿಷಯದಲ್ಲಿ ಇದು ಪೂರ್ತಿ ಉಲ್ಟಾ. ಅವನ ಕೊನೇ ಅಸ್ತ್ರ ಗೆಂಕಿದಾಮ, ಅದು ಅವನದ್ದೇ ಶಕ್ತಿ ಅಲ್ಲ, ಹುಲ್ಲು ಗಿಡ ಪ್ರಾಣಿ ಜನ ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟಿದ್ದು. ಬೂ ಅನ್ನೋ ರಾಕ್ಷಸನ ಜೊತೆಗಿನ ಕೊನೇ ಯುದ್ಧದಲ್ಲಿ ಗೋಕು ಎರಡೂ ಕೈ ಮೇಲೆತ್ತಿ ನಿಂತು ಭೂಮಿ ಜನಕ್ಕೆ ನಿಮ್ಮ ಶಕ್ತಿ ಕೊಡಿ ಅಂತ ಬೇಡ್ತಾನೆ, ಜನ ಯಾರಪ್ಪ ಇವನು ಅಂತ ಸುಮ್ನಾಗ್ತಾರೆ, ಯಾಕಂದ್ರೆ ಅವನ ಹೆಸರೇ ಯಾರಿಗೂ ಗೊತ್ತಿಲ್ಲ, ಆಮೇಲೆ ಜನ ತಮ್ಮ ಹೀರೋ ಅಂತ ನಂಬಿರೋ ಮಿಸ್ಟರ್ ಸೇಟನ್ ಕೂಗಿ ಹೇಳಿದ್ಮೇಲೆ ಇಡೀ ಭೂಮಿ ಕೈ ಎತ್ತುತ್ತೆ. ಭಕ್ತರು ದೇವರ ಮುಂದೆ ಕೈ ಎತ್ತೋದು ನೋಡಿದೀವಿ, ಇಲ್ಲಿ ಜಗತ್ತನ್ನ ಉಳಿಸೋನೇ ಜಗತ್ತಿನ ಮುಂದೆ ಕೈ ಎತ್ತಿ ನಿಂತಿದಾನೆ. ಗೋಕು ಯಾಕೆ ದೇವರಲ್ಲ ಅಂತ ಕೇಳೋರಿಗೆ ನಾನು ಕೊಡೋ ನಿಜವಾದ ಉತ್ತರ ಇದೇ ಪುಟ.

ಗೋಕು ಬ್ಲ್ಯಾಕ್ ಮಾತ್ರ ದೇವರು ಅಂತಾರಲ್ಲ, ಅದು ಹೆಂಗೆ?

ಜಮಾಸು ಅನ್ನೋನು ಹತ್ತನೇ ಬ್ರಹ್ಮಾಂಡದಲ್ಲಿ ಕಾಯೊಶಿನ್ ಆಗೋಕೆ ತಯಾರಾಗ್ತಿದ್ದ ಶಿಷ್ಯ. ಮನುಷ್ಯರು ಅಂದ್ರೆ ಅವನಿಗೆ ಆಗಲ್ಲ, ಎಲ್ಲರನ್ನೂ ಅಳಿಸಿ ಹಾಕ್ಬೇಕು ಅಂತ ಹೊರಡ್ತಾನೆ, ಸೂಪರ್ ಡ್ರ್ಯಾಗನ್ ಬಾಲ್ ಹತ್ರ ವರ ಕೇಳಿ ಗೋಕುನ ದೇಹಕ್ಕೆ ಸೇರ್ಕೋತಾನೆ. ಅವನೇ ಗೋಕು ಬ್ಲ್ಯಾಕ್. ಈಗ ದೇಹ ಗೋಕುದು, ಒಳಗಿರೋನು ದೇವರ ಕುಲದವನು. ಸ್ವಾರಸ್ಯ ಏನಂದ್ರೆ ಗೋಕು ಆ ಮಟ್ಟಕ್ಕೆ ಏರಿದಾಗ ಕೂದಲು ನೀಲಿ ಆಗುತ್ತೆ, ಅದೇ ದೇಹದಲ್ಲಿ ಜಮಾಸು ಏರಿದಾಗ ಗುಲಾಬಿ ಬಣ್ಣ ಬರುತ್ತೆ. ದೇವರ ಕೀ ಕಲಿತ ಮನುಷ್ಯ ಬೇರೆ, ಹುಟ್ಟಾ ದೇವರಾಗಿರೋನು ಬೇರೆ ಅಂತ ಕಥೆಯೇ ಬಣ್ಣ ಹಚ್ಚಿ ತೋರಿಸ್ತಾ ಇದೆ. ಆದ್ರೆ ದೇವರು ಅನ್ನಿಸ್ಕೊಂಡೋನು ಇಲ್ಲಿ ರಾಕ್ಷಸನಂಗೆ ನಡ್ಕೋತಾನೆ, ಜನರನ್ನ ಉಳಿಸೋನು ದೇವರಲ್ಲದ ಗೋಕು.

ಗೋಕುನ ಅವತಾರ ಅಂತ ತಿಳ್ಕೋಬಹುದಾ? ರಾಮನೂ ಮನುಷ್ಯ ಆಗೇ ಇದ್ನಲ್ಲ

ಈ ಪ್ರಶ್ನೆ ನಮ್ಮೋರೇ ಕೇಳೋದು, ಒಳ್ಳೇ ಪ್ರಶ್ನೆ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ದೇವತೆಗಳು ನೀನು ಯಾರು ಗೊತ್ತಾ ಅಂದಾಗ ರಾಮ ನಾನು ಮನುಷ್ಯ, ದಶರಥನ ಮಗ ಅಂತಾನೇ ಹೇಳ್ತಾನೆ, ನಿಜ. ಆದ್ರೆ ಅವತಾರದಲ್ಲಿ ಮೇಲಿಂದ ಕೆಳಗೆ ಇಳಿಯೋದು ಇರುತ್ತೆ, ಇಳಿದಿದ್ದಕ್ಕೆ ಒಂದು ಉದ್ದೇಶ ಇರುತ್ತೆ. ಗೋಕುನ ಆಕಾಶದಿಂದ ಕಳಿಸಿದ್ದು ಭೂಮಿಯ ಜನರನ್ನ ಮುಗಿಸೋಕೆ ಅಂತ ಅವನ ಅಣ್ಣ ರಾಡಿಟ್ಜ್ ಬಂದು ಹೇಳ್ತಾನೆ. ಮಗು ಕಮರಿಗೆ ಬಿದ್ದು ತಲೆಗೆ ಪೆಟ್ಟಾಯ್ತು, ಸಾಕಿದ ತಾತನ ಪ್ರೀತಿ ಸಿಕ್ತು, ಒಳ್ಳೆಯವನಾದ. ಇಳಿದು ಬಂದ ಉದ್ದೇಶಕ್ಕೆ ಪೂರ್ತಿ ವಿರುದ್ಧವಾಗಿ ಬದುಕಿದೋನು ಅವನು.

ಗೋಕು ಹೆಸರೇ ಚೀನಾದ ಸುನ್ ವುಕೊಂಗ್ ಹೆಸರಿನ ಜಪಾನಿ ಉಚ್ಚಾರ, 16ನೇ ಶತಮಾನದ ಪಶ್ಚಿಮ ಯಾತ್ರೆ ಕಾದಂಬರಿಯ ವಾನರ. ಆ ವಾನರನಿಗೆ ನಮ್ಮ ಹನುಮಂತನ ಕಥೆಯೇ ಮೂಲ ಇರ್ಬೇಕು ಅಂತ ವಿದ್ವಾಂಸ ಹು ಶಿ 1923ರಲ್ಲಿ ಬರೆದ್ರು, ಲು ಶುನ್ ಒಪ್ಪಲಿಲ್ಲ, ಅಲ್ಲಿನದೇ ನೀರಿನ ಭೂತದ ಕಥೆ ಅಂದ್ರು, ಚರ್ಚೆ ಮುಗಿದಿಲ್ಲ. ನಂಗೆ ಕಾಣೋದು ಬೇರೆ ವಿಷಯ. ವುಕೊಂಗ್‌ಗೆ ಸ್ವರ್ಗದಲ್ಲಿ ಕುದುರೆ ಲಾಯ ನೋಡೋ ಕೆಲಸ ಕೊಟ್ರೆ ಸಿಟ್ಟಾಗಿ, ನಾನು ಸ್ವರ್ಗಕ್ಕೆ ಸರಿಸಮ ಅಂತ ಬಿರುದು ಹಾಕ್ಕೊಂಡು ಯುದ್ಧಕ್ಕೆ ನಿಂತ, ಬುದ್ಧ ಅವನನ್ನ 500 ವರ್ಷ ಬೆಟ್ಟದಡಿ ಇಟ್ಟ. ಅವನ ಹೆಸರು ಹೊತ್ತ ಗೋಕುಗೆ ಕರೆದು ಪಟ್ಟ ಕೊಟ್ರೂ ಬೇಡ. ಒಂದೇ ಹೆಸರಿನ ಇಬ್ಬರು, ದಾರಿ ಎಷ್ಟು ಬೇರೆ ನೋಡಿ.

## ಬೇರೆ ಹೀರೋಗಳು

ಒನ್ ಪೀಸ್ ಮಂಗಾದ ಲುಫಿ ಸೂರ್ಯ ದೇವರು ನಿಕಾ ಅಂತ ಆಗೋಯ್ತಲ್ಲ, ಅವನಾದ್ರೂ ದೇವರಾ?

ಗೋಕುಗಿಂತ ಲುಫಿ ದೇವರಿಗೆ ಹತ್ರ. 2022ರಲ್ಲಿ ಬಂದ 1044ನೇ ಚಾಪ್ಟರ್‌ನಲ್ಲಿ ಅವನು ತಿಂದಿದ್ದು ರಬ್ಬರ್ ಹಣ್ಣಲ್ಲ, ನಿಕಾ ಮಾದರಿಯ ಮನುಷ್ಯ ಹಣ್ಣು ಅಂತ ಗೊತ್ತಾಗುತ್ತೆ. ಆ ಹಣ್ಣಿಗೆ ತನ್ನದೇ ಇಚ್ಛೆ ಇದೆ, 800 ವರ್ಷ ಸರ್ಕಾರದ ಕೈಗೆ ಸಿಗದೇ ತಪ್ಪಿಸ್ಕೊಂಡು ಬಂದಿದೆ, ಇದಂತೂ ಅವತಾರದ ವಾಸನೆನೇ. ಅದಕ್ಕಿಂತ ಮುಖ್ಯವಾದದ್ದು, ನಿಕಾನ ನೆನೆಸ್ಕೊಂಡಿದ್ದು ಗುಲಾಮರು. ಯಾವತ್ತೋ ಒಬ್ಬ ಬಂದು ನಗಿಸ್ತಾ ಕುಣಿಸ್ತಾ ಬಿಡಿಸ್ತಾನೆ ಅಂತ ಸರಪಳಿ ಹಾಕ್ಕೊಂಡೋರು ಕಾದಿದ್ರು. ಬೇಡೋರು ಇದ್ರು, ಅವನು ಬಂದ.

ಆದ್ರೆ ಲುಫಿಗೆ ಇದ್ಯಾವುದೂ ಬೇಕಿಲ್ಲ. ಹೀರೋ ಆದ್ರೆ ಮಾಂಸ ಎಲ್ಲರಿಗೂ ಹಂಚ್ಬೇಕಾಗುತ್ತೆ, ನಂಗೆ ನಾನೇ ತಿನ್ಬೇಕು ಅಂತ ಮೀನುಮನುಷ್ಯರ ದ್ವೀಪದಲ್ಲೇ ಹೇಳಿದ್ದ. ಅದೇ ಕಥೇಲಿ ಸ್ಕೈಪಿಯಾದಲ್ಲಿ ದೇವರು ಅನ್ನೋದು ಆಳೋನ ಬಿರುದು ಅಷ್ಟೇ, ಎನೆಲ್ ಅದನ್ನ ಕಿತ್ಕೊಂಡಿದ್ದ, ಮೊದಲು ಗಾನ್ ಫಾಲ್ ಹತ್ರ ಇತ್ತು. ಡ್ರೆಸ್‌ರೋಸಾದಲ್ಲಿ ಲುಫಿ ಜೊತೆಗಾರ ಉಸೋಪ್‌ನ ದೇವರು ಅಂತ ಜನ ಕೂಗ್ತಾರೆ. ಒನ್ ಪೀಸ್ ಬರೆದ ಓಡಾ ಈ ಪದನ ಬೇಕಂತಲೇ ಬೇರೆ ಬೇರೆ ಥರ ತಿರುಗಿಸಿ ನೋಡ್ತಾ ಬಂದಿದಾರೆ ಅನ್ಸುತ್ತೆ.

ನರುಟೊ, ಇಚಿಗೊ?

ನರುಟೊಗೆ ಆರು ಮಾರ್ಗದ ಋಷಿಯ ಶಕ್ತಿ ಸಿಗುತ್ತೆ, ಆದ್ರೆ ಅವನ ಗುರಿ ಹೊಕಾಗೆ ಆಗೋದು, ಊರಿನ ಮುಖ್ಯಸ್ಥ. ಇಚಿಗೊ ಶಿನಿಗಾಮಿ, ಅಂದ್ರೆ ಸಾವಿನ ಕಾಮಿ, ಹೆಸರಲ್ಲಿ ಕಾಮಿ ಇದೆ ನಿಜ, ಬ್ಲೀಚ್‌ನಲ್ಲಿ ಅದು ಆತ್ಮಗಳನ್ನ ದಾಟಿಸೋ ಡ್ಯೂಟಿ, ಅವನು ಬದಲಿ ಆಳು. ಇಬ್ಬರೂ ದೇವರಲ್ಲ.

ಡೆತ್ ನೋಟ್ ಮಂಗಾದ ಲೈಟ್ ಯಾಗಾಮಿ ನಾನೇ ಹೊಸ ಲೋಕದ ದೇವರು ಅಂದ. ಅವನು ಹುಚ್ಚ ಅಷ್ಟೇ ತಾನೆ?

ಇದು ಕಷ್ಟದ ಪ್ರಶ್ನೆ, ಇಲ್ಲಿ ನನ್ನ ವಾದಾನೇ ಅಲ್ಲಾಡುತ್ತೆ. ಲೈಟ್ ಹತ್ರ ಸ್ವಂತ ಶಕ್ತಿ ಒಂದು ಚೂರೂ ಇಲ್ಲ, ಬೇಜಾರಾಗಿ ರ್ಯೂಕ್ ಅನ್ನೋ ಶಿನಿಗಾಮಿ ಬೀಳಿಸಿದ ನೋಟ್‌ಬುಕ್ ಇದೆ, ಹೆಸರು ಬರೆದ್ರೆ 40 ಸೆಕೆಂಡಲ್ಲಿ ಹೃದಯ ನಿಲ್ಲುತ್ತೆ. ಕೊನೇಲಿ ಅದೇ ಥರದ ನೋಟ್‌ಬುಕ್‌ನಲ್ಲಿ ರ್ಯೂಕ್ ಅವನ ಹೆಸರು ಬರೀತಾನೆ, ಸಾಯಲ್ಲ ಸಾಯಲ್ಲ ಅಂತ ಕಿರುಚಿ ಸಾಯ್ತಾನೆ. ಪತ್ತೇದಾರ ನಿಯರ್ ಅವನನ್ನ ನೀನು ಬರೀ ಕೊಲೆಗಾರ ಅಂತ ಕರೀತಾನೆ, ನಾನೂ ಹಾಗೇ ಹೇಳೋದು.

ಆದ್ರೆ ಮಂಗಾದ ಕೊನೇ ಪುಟಗಳಲ್ಲಿ, ಅವನು ಸತ್ತು ಕಾಲ ಆದ್ಮೇಲೆ, ಬಿಳಿ ಬಟ್ಟೆ ಹಾಕಿರೋ ಜನ ಕೈಯಲ್ಲಿ ಮೇಣದಬತ್ತಿ ಹಿಡ್ಕೊಂಡು ಸಾಲಾಗಿ ಬೆಟ್ಟ ಹತ್ತಿ ಕಿರಾಗೆ (ಲೈಟ್‌ನ ಜನ ಕರೀತಿದ್ದ ಹೆಸರು) ಪ್ರಾರ್ಥನೆ ಮಾಡ್ತಾರೆ. ಈಗ ಮೊತೊಓರಿ ಮಾತು ನೆನಪು ಮಾಡ್ಕೊಳ್ಳಿ, ಕಾಮಿ ಕೆಟ್ಟದ್ದೂ ಆಗ್ಬೋದು. ಜಪಾನಿನಲ್ಲಿ ಇದಕ್ಕೆ ಹಳೇ ದಾರಿನೂ ಇದೆ. ಸುಗವಾರ ನೊ ಮಿಚಿಜಾನೆ ದೊಡ್ಡ ಪಂಡಿತ, ಸುಳ್ಳು ಆರೋಪದಲ್ಲಿ ದಜೈಫುಗೆ ಗಡೀಪಾರಾಗಿ 903ರಲ್ಲಿ ಅಲ್ಲೇ ಸತ್ತ. ಆಮೇಲೆ 930ರಲ್ಲಿ ಅರಮನೆಗೆ ಸಿಡಿಲು ಬಡಿದು ಅಧಿಕಾರಿಗಳು ಸತ್ತಾಗ ಇದು ಅವನದೇ ಸಿಟ್ಟು ಅಂತ ಹೆದರಿದ್ರು, 947ರಲ್ಲಿ ಕ್ಯೋಟೊದ ಕಿತಾನೊದಲ್ಲಿ ಗುಡಿ ಕಟ್ಟಿದ್ರು, ಇವತ್ತು ತೆನ್‌ಜಿನ್ ಅಂತ ಪರೀಕ್ಷೆ ಬರೆಯೋ ಮಕ್ಕಳೆಲ್ಲ ಕೈ ಮುಗೀತಾರೆ. ಮಿಚಿಜಾನೆ ಕೊಲೆಗಾರ ಅಲ್ಲ, ಲೈಟ್ ಜೊತೆ ಅವನನ್ನ ಒಂದೇ ತಕ್ಕಡಿಗೆ ಹಾಕ್ತಿಲ್ಲ, ಆದ್ರೆ ಮನುಷ್ಯ ಸತ್ತು ಜನರ ಭಯದಿಂದ ಕಾಮಿ ಆಗೋದು ಅಲ್ಲಿ ಹೊಸದಲ್ಲ. ಆ ಲೆಕ್ಕದಲ್ಲಿ ಗೋಕು ಕಾಮಿ ಅಲ್ಲ, ಸತ್ತ ಕಿರಾ ಕಾಮಿ ಆಗಿಬಿಟ್ಟ. ನಂಗೆ ಇದು ಇಷ್ಟ ಇಲ್ಲ, ಆದ್ರೂ ಅಲ್ಲಗಳೆಯೋಕಾಗಲ್ಲ.

## ಇನ್ನೂ ಸ್ವಲ್ಪ ಒಳಗೆ

ಹೀರೋನೇ ನಿಜವಾದ ದೇವರಾಗಿರೋ ಮಂಗಾ ಇಲ್ವಾ?

ಇದೆ, ನೊರಗಾಮಿ ಓದಿ, 2010ರಿಂದ 2024ರವರೆಗೆ ಬಂತು. ಅದರ ಯಾತೊ ಹುಟ್ಟಾ ದೇವರು, ಆದ್ರೆ ಅವನಿಗೆ ಗುಡಿ ಇಲ್ಲ, ಹೆಸರು ಗೊತ್ತಿರೋರಿಲ್ಲ. ಗೋಡೆ ಮೇಲೆ ಫೋನ್ ನಂಬರ್ ಬರೆದು, ಯಾರು ಕರೆದ್ರೂ ಹೋಗಿ, ಬೆಕ್ಕು ಹುಡುಕೋ ಕೆಲಸಾನೂ ಮಾಡಿ, ಐದು ಯೆನ್ ತಗೋತಾನೆ. ಆ ನಾಣ್ಯ ಹಿತ್ತಾಳೆಯದ್ದು, ಮಧ್ಯ ತೂತು, ಮೇಲೆ ಬಾಗಿದ ಭತ್ತದ ತೆನೆ. ಜಪಾನಿಯಲ್ಲಿ ಐದು ಯೆನ್ ಅಂದ್ರೆ ಗೊಎನ್, ಋಣಾನುಬಂಧ ಅನ್ನೋ ಮಾತಿಗೂ ಅದೇ ಉಚ್ಚಾರ, ಅದಕ್ಕೇ ಅಲ್ಲಿನ ಗುಡಿಗಳಲ್ಲಿ ಜನ ಹುಡುಕಿ ಹುಡುಕಿ ಅದೇ ನಾಣ್ಯ ಹಾಕೋದು. ಈ ಕಥೇಲಿ ಯಾರೂ ನೆನೆಸ್ಕೊಳ್ಳದ ದೇವರು ಮಾಯ ಆಗ್ತಾನೆ. ಹಿಯೊರಿ ಅನ್ನೋ ಹುಡುಗಿ ಅಂಗೈಲಿ ಹಿಡಿಯೋವಷ್ಟು ಪುಟ್ಟ ಗುಡಿ ತಾನೇ ಮಾಡಿ ತಂದು ಕೊಟ್ಟಾಗ ಯಾತೊ ಅತ್ತುಬಿಡ್ತಾನೆ. ಗೋಕುಗೆ ಬೇಡವಾಗಿದ್ದಿದ್ದು ಇವನಿಗೆ ಉಸಿರು.

ಮನೆ ದೇವರ ಜೊತೆ ಇದನ್ನೆಲ್ಲ ಹೋಲಿಸೋದು ತಪ್ಪಲ್ವಾ?

ಹಿರಿಯರು ಕೇಳೋ ಪ್ರಶ್ನೆ, ನಾನು ಹಗುರವಾಗಿ ತಗೊಳ್ಳಲ್ಲ. ಕೆಲವು ಮಂಗಾಗಳಲ್ಲಿ ಶಿವನೇ ಬಂದು ಸುಮೊ ಜಟ್ಟಿ ಜೊತೆ ಹೊಡೆದಾಡ್ತಾನೆ, ಅದು ನೋಡಿ ಮನಸ್ಸಿಗೆ ನೋವಾಯ್ತು ಅಂದ್ರೆ ಆ ನೋವು ನಿಜವಾದದ್ದೇ, ಹೊಸ ಪೀಳಿಗೆ ಅದನ್ನ ನಕ್ಕು ತಳ್ಳಬಾರದು. ಆದ್ರೆ ಗೋಕು ದೇವರಾ ಅಂತ ಕೇಳೋ ಹುಡುಗರು ಯಾರನ್ನೂ ಕೆಳಗೆ ಇಳಿಸ್ತಿಲ್ಲ, ದೇವರು ಅಂದ್ರೆ ಏನು ಅಂತ ತಿಳ್ಕೊಳ್ಳೋಕೆ ನೋಡ್ತಿದಾರೆ, ಅವರ ಜೊತೆ ಕೂತು ಮಾತಾಡಿ ಅಂತಷ್ಟೇ ಕೇಳ್ಕೋತೀನಿ.

ಕಥೆಯ ಪಾತ್ರಾನ ಜನ ನಿಜವಾಗ್ಲೂ ಪೂಜೆ ಮಾಡಿದ್ರೆ? ಆಗ ದೇವರೇ ಅಲ್ವಾ?

ಆಗಿದೆ. ಫುಜಿಯಾನ್, ಹಾಂಗ್‌ಕಾಂಗ್, ಸಿಂಗಾಪುರದಲ್ಲಿ ಸುನ್ ವುಕೊಂಗ್‌ಗೆ ಗುಡಿಗಳಿವೆ, ಧೂಪ ಹಚ್ತಾರೆ, ಹರಕೆ ಹೊರ್ತಾರೆ. ಗೋಕುನ ಹೆಸರಿನ ಮೂಲಪುರುಷ ದೇವರಾಗಿ ಆಗ್ಲೇ ಕೂತಿದಾನೆ ಅಂದಂಗಾಯ್ತು.

ಜಪಾನಿನಲ್ಲಿ ಮಂಗಾ ಪಾತ್ರಗಳು ಗುಡಿ ಬಾಗಿಲವರೆಗೂ ಬಂದಿವೆ. ಸೈತಾಮಾದ ವಾಶಿನೊಮಿಯಾ ಗುಡಿಯ ಉತ್ಸವದಲ್ಲಿ 2008ರಿಂದ ಲಕ್ಕಿ ಸ್ಟಾರ್ ಮಂಗಾದ ಹುಡುಗಿಯರ ಚಿತ್ರ ಇರೋ ಪಲ್ಲಕ್ಕಿ ಹೊರೋಕೆ ಶುರು ಮಾಡಿದ್ರು. ಡೀಮನ್ ಸ್ಲೇಯರ್ ಹೀರೋ ತಂಜಿರೊನ ಮನೆತನದ ಹೆಸರು ಕಮಾಡೊ, ದಜೈಫುನಲ್ಲಿ, ಅದೇ ಮಿಚಿಜಾನೆ ಸತ್ತ ಊರಲ್ಲಿ, ಕಮಾಡೊ ಅನ್ನೋ ಹಳೇ ಗುಡಿ ಇದೆ, ಹೆಸರು ಒಂದೇ ಅಂತ ಅಭಿಮಾನಿಗಳು ಅಲ್ಲಿಗೆ ಹೋಗ್ತಾರೆ. ಹರಕೆ ಬರೆದು ತೂಗುಹಾಕೋ ಮರದ ಹಲಗೆ ಮೇಲೆ ತಂಜಿರೊನ ಮುಖ ಬಿಡಿಸ್ತಾರೆ, ಕಿವಿಯ ಓಲೆ ಸಮೇತ. ಕೈ ಮುಗಿಯೋದು ಮಾತ್ರ ಒಳಗಿರೋ ತಮಯೊರಿಹಿಮೆ ದೇವಿಗೆ.